ಗೆದ್ದರೂ ದಕ್ಕದ ನೆಲ: ರೊಜೆರ್ ದೆ ಫ್ಲೋರ್ ಮತ್ತು ಅನಟೋಲಿಯಾದ ತುರ್ಕರು

1304ರ ಬೇಸಿಗೆಯಲ್ಲಿ ಏಷ್ಯಾ ಮೈನರ್‌ನ, ಅಂದರೆ ಇಂದಿನ ಟರ್ಕಿಯ ಅನಟೋಲಿಯಾದ, ಪಶ್ಚಿಮ ಕಣಿವೆಗಳಲ್ಲಿ ಒಂದು ಕ್ರೈಸ್ತ ಕೂಲಿ ಸೈನ್ಯ ಓಡಾಡುತ್ತಿತ್ತು. ತುರ್ಕರನ್ನು ತಡೆಯಲು ಅದನ್ನು ಕರೆಸಿದ್ದು ಕಾನ್‌ಸ್ಟಾಂಟಿನೋಪಲ್‌ನಿಂದ (ಇಂದಿನ ಇಸ್ತಾಂಬುಲ್) ಆಳುತ್ತಿದ್ದ ಗ್ರೀಕ್ ಕ್ರೈಸ್ತರ ಬೈಜಾಂಟಿನ್ ಸಾಮ್ರಾಜ್ಯ. ತುರ್ಕರ ಪಡೆ ಎದುರಾದ ಕಡೆಯಲ್ಲೆಲ್ಲ ಅದು ಗೆದ್ದಿತು. ಮುತ್ತಿಗೆಯಲ್ಲಿ ನರಳುತ್ತಿದ್ದ ಫಿಲಡೆಲ್ಫಿಯಾ ಪಟ್ಟಣವನ್ನು ಬಿಡಿಸಿತು. ಎಫೆಸಸ್‌ನಲ್ಲಿ ಬೀಡು ಬಿಟ್ಟಿತು. ಅದರ ದಂಡನಾಯಕ ರೊಜೆರ್ ದೆ ಫ್ಲೋರ್ ತುರ್ಕರ ಎದುರು ಒಂದು ದೊಡ್ಡ ಕಾಳಗವನ್ನೂ ಸೋಲಲಿಲ್ಲ. ಆದರೆ ಅದೇ ವರ್ಷದ ಅಕ್ಟೋಬರ್ 24ರಂದು ಎಫೆಸಸ್ ಪಟ್ಟಣ ಸಾಸಾ ಬೇ ಎಂಬ ತುರ್ಕ ನಾಯಕನ ಕೈಸೇರಿತು. ಸೈನ್ಯ ಅಲ್ಲಿಂದ ಕದಲಿ ಕೆಲವೇ ತಿಂಗಳಾಗಿತ್ತು.

ಕಾಳಗಗಳನ್ನೆಲ್ಲ ಗೆದ್ದವನ ಕೈಯಲ್ಲಿ ನೆಲ ಯಾಕೆ ನಿಲ್ಲಲಿಲ್ಲ? ಉತ್ತರಕ್ಕೆ ತುರ್ಕರ ಬಿಲ್ಲು ಬಾಣಗಳ ಕಡೆ ನೋಡಿದರೆ ಸಾಲದು. ಸೈನಿಕರ ಸಂಬಳ ಎಲ್ಲಿಂದ ಬರುತ್ತಿತ್ತು, ಅವರ ಊಟವನ್ನು ಯಾರು ಹಾಕುತ್ತಿದ್ದರು, ಕಾಪಾಡಲು ಬಂದವರು ಊರಿನ ಜನರನ್ನು ಹೇಗೆ ನಡೆಸಿಕೊಂಡರು, ಇಲ್ಲಿಂದಲೇ ಶುರು ಮಾಡಬೇಕು.

ಈ ಪ್ರಕರಣಕ್ಕೆ ಇಬ್ಬರು ಮುಖ್ಯ ಸಾಕ್ಷಿಗಳಿದ್ದಾರೆ. ಒಬ್ಬ ರಾಮೊನ್ ಮುಂತಾನೆರ್. ಅವನು ಈಶಾನ್ಯ ಸ್ಪೇನಿನ ಕೆಟಲಾನ್ ಭಾಷಿಕ, ಹೆಚ್ಚಾಗಿ ಕೆಟಲಾನರೇ ಇದ್ದ ಇದೇ ಸೈನ್ಯದ ಲೆಕ್ಕಪತ್ರ ನೋಡಿಕೊಂಡವನು. ರೊಜೆರ್ ಅಂದರೆ ಅವನಿಗೆ ಪ್ರಾಣ. ಇನ್ನೊಬ್ಬ ಜಾರ್ಜ್ ಪಾಕಿಮೆರೆಸ್. ಕಾನ್‌ಸ್ಟಾಂಟಿನೋಪಲ್‌ನಲ್ಲಿ ಕುಳಿತು ಬರೆದ ಗ್ರೀಕ್ ಇತಿಹಾಸಕಾರ, ಚರ್ಚಿನ ಅಧಿಕಾರಿ. ಅವನಿಗೆ ಈ ಸೈನ್ಯವನ್ನು ಕಂಡರೆ ಆಗದು. ಇಬ್ಬರನ್ನೂ ಪಕ್ಕಪಕ್ಕ ಇಟ್ಟುಕೊಂಡು ಓದಿದರೆ ಮಾತ್ರ ಕಥೆ ಅರ್ಥವಾಗುತ್ತದೆ. ಒಬ್ಬನನ್ನೇ ಓದಿದರೆ ರೊಜೆರ್ ವೀರನೋ ದರೋಡೆಕೋರನೋ ಆಗಿಬಿಡುತ್ತಾನೆ.

ನೆಲ ಸಡಿಲವಾಗಿತ್ತು

ಬೈಜಾಂಟಿನ್ ಸಾಮ್ರಾಜ್ಯ 1261ರಲ್ಲಿ ಕಾನ್‌ಸ್ಟಾಂಟಿನೋಪಲ್ ಪಟ್ಟಣವನ್ನು ಲ್ಯಾಟಿನರಿಂದ, ಅಂದರೆ ಪಶ್ಚಿಮ ಯುರೋಪಿನವರಿಂದ, ಮರಳಿ ಪಡೆಯಿತು. ಅಲ್ಲಿಂದ ಅದರ ಗಮನವೆಲ್ಲ ಯುರೋಪಿನ ಕಡೆ ಹೊರಳಿತು. ಏಷ್ಯಾದ ಗಡಿಯನ್ನು ಕಾಯುತ್ತಿದ್ದ ರೈತ ಕಾವಲುಗಾರರ ತೆರಿಗೆ ವಿನಾಯಿತಿ ಹೋಯಿತು. ತೆರಿಗೆಯೂ ಕೊಟ್ಟು ಗಡಿಯನ್ನೂ ಕಾಯಿ ಅಂದರೆ ಯಾರು ಕಾಯುತ್ತಾರೆ? 1285ರಲ್ಲಿ ಎರಡನೇ ಆಂಡ್ರೊನಿಕೋಸ್ ಚಕ್ರವರ್ತಿ ಖರ್ಚು ಉಳಿಸಲು ನೌಕಾಪಡೆಯನ್ನೂ ಬರಖಾಸ್ತು ಮಾಡಿದ.

ಅತ್ತ ಪೂರ್ವದಿಂದ ಮಂಗೋಲರ ಒತ್ತಡ. ತುರ್ಕಮಾನ್ ಪಂಗಡಗಳು ಕುರಿ, ಕುದುರೆ, ಹೆಂಡತಿ ಮಕ್ಕಳ ಸಮೇತ ಪಶ್ಚಿಮಕ್ಕೆ ಸರಿಯುತ್ತಲೇ ಇದ್ದವು. ಬೇಸಿಗೆಯಲ್ಲಿ ಬೆಟ್ಟದ ಮೇಲಿನ ಹುಲ್ಲುಗಾವಲು, ಚಳಿಗಾಲದಲ್ಲಿ ಕೆಳಗಿನ ಬಯಲು. ಆ ಬಯಲಿನಲ್ಲೇ ಗ್ರೀಕರ ಹೊಲ, ಹಳ್ಳಿಗಳಿದ್ದವು. ಕರಾಸಿ, ಸರುಹಾನ್, ಐದಿನ್, ಮೆಂಟೆಶೆ, ಜರ್ಮಿಯಾನ್, ಉತ್ತರದಲ್ಲಿ ಉಸ್ಮಾನ್ ಹೀಗೆ ಒಂದೊಂದು ಕಣಿವೆಗೆ ಒಂದೊಂದು ಮನೆತನ ಹಿಡಿತ ಸಾಧಿಸುತ್ತಿತ್ತು. ಇವರೆಲ್ಲ ಒಬ್ಬ ದೊರೆಯ ಕೆಳಗಿನ ಒಂದೇ ಸೈನ್ಯ ಅಲ್ಲ ಎನ್ನುವುದನ್ನು ಮರೆಯಬಾರದು. ಒಬ್ಬನನ್ನು ಸೋಲಿಸಿದರೆ ಪಕ್ಕದ ಕಣಿವೆಯವನಿಗೆ ಏನೂ ಆಗುತ್ತಿರಲಿಲ್ಲ. ಎಷ್ಟೋ ಸಲ ಅವನಿಗೆ ಅನುಕೂಲವೇ ಆಗುತ್ತಿತ್ತು.

1302ರಲ್ಲಿ ಎರಡು ಪೆಟ್ಟು ಒಟ್ಟಿಗೆ ಬಿದ್ದವು. ಆಂಡ್ರೊನಿಕೋಸ್‌ನ ಮಗ, ಸಹಚಕ್ರವರ್ತಿ ಒಂಬತ್ತನೇ ಮೈಕೇಲ್, ಮ್ಯಾಗ್ನೇಷಿಯಾದವರೆಗೆ ದಂಡು ತೆಗೆದುಕೊಂಡು ಹೋಗಿ ಕಾಳಗ ಮಾಡದೆಯೇ ವಾಪಸ್ ಬಂದ. ಜುಲೈ 27ರಂದು ನಿಕೊಮೀಡಿಯಾ ಹತ್ತಿರದ ಬಾಫಿಯಸ್‌ನಲ್ಲಿ ಉಸ್ಮಾನ್ ಬೈಜಾಂಟಿನ್ ಪಡೆಯನ್ನು ಸೋಲಿಸಿದ. ನಿರಾಶ್ರಿತರು ರಾಜಧಾನಿಯತ್ತ ಹರಿದು ಬಂದರು. ಆ ಹೊತ್ತಿಗೆ ಸರಿಯಾಗಿ ಸಿಸಿಲಿಯಿಂದ ಒಂದು ಓಲೆ ಬಂತು: ನನ್ನ ಹತ್ತಿರ ಸೈನ್ಯ ಇದೆ, ಬೇಕಾ?

ಓಲೆ ಕಳಿಸಿದವನು

ರೊಜೆರ್ ಹುಟ್ಟಿದ್ದು ಇಟಲಿಯ ಬ್ರಿಂಡಿಸಿ ಬಂದರಿನಲ್ಲಿ, ಸುಮಾರು 1267ರಲ್ಲಿ. ತಂದೆ ಜರ್ಮನ್, ಎರಡನೇ ಫ್ರೆಡರಿಕ್ ಚಕ್ರವರ್ತಿಯ ಡೇಗೆ ಪಳಗಿಸುವ ಕೆಲಸದವನು. 1268ರ ತಾಲ್ಯಕೊಜ್ಜೊ ಕಾಳಗದಲ್ಲಿ ಸತ್ತ. ಆಸ್ತಿ ಹೋಯಿತು. ಹುಡುಗ ಬಂದರಿನ ಹಡಗುಗಳ ಮೇಲೆ ಆಡಿಕೊಂಡು ಬೆಳೆದ. ಎಂಟನೇ ವಯಸ್ಸಿಗೆ ಟೆಂಪ್ಲರ್ ಎಂಬ ಕ್ರೈಸ್ತ ಯೋಧ ಸನ್ಯಾಸಿಗಳ ಸಂಘದ ಒಬ್ಬ ನಾವಿಕ ಅವನನ್ನು ತನ್ನ ಹಡಗಿಗೆ ಸೇರಿಸಿಕೊಂಡ ಎನ್ನುತ್ತಾನೆ ಮುಂತಾನೆರ್. ಮುಂದೆ ರೊಜೆರ್ ಟೆಂಪ್ಲರ್ ಸಂಘದ ಸದಸ್ಯನಾದ, ‘ಫಾಲ್ಕನ್’ ಎಂಬ ದೊಡ್ಡ ಹಡಗಿನ ಕಪ್ತಾನನಾದ.

1291ರಲ್ಲಿ ಪ್ಯಾಲೆಸ್ಟೈನ್ ಕರಾವಳಿಯ ಕ್ರೈಸ್ತರ ಆಕ್ರೆ ಪಟ್ಟಣ ಈಜಿಪ್ಟನ್ನು ಆಳುತ್ತಿದ್ದ ಮಮ್ಲೂಕರ ವಶವಾದಾಗ ಅವನು ಅಲ್ಲಿದ್ದ. ಜನರನ್ನು ಹಡಗಿನಲ್ಲಿ ಪಾರು ಮಾಡಿದ. ಅವರ ಸಂಪತ್ತಿನಲ್ಲಿ ತನ್ನ ಜೇಬೂ ತುಂಬಿಸಿಕೊಂಡ ಎಂಬ ಆರೋಪ ಬಂತು. ಸಂಘ ಅವನ ಮೇಲೆ ಮುರಿದುಕೊಂಡು ಬಿತ್ತು. ಅವನು ಹಡಗು ಬಿಟ್ಟು ಓಡಿದ. ಜಿನೋವಾದಲ್ಲಿ ಸಾಲ ಮಾಡಿ ಇನ್ನೊಂದು ಹಡಗು ಹಿಡಿದು ಸಿಸಿಲಿಯ ದೊರೆ ಮೂರನೇ ಫ್ರೆಡರಿಕ್‌ನ ಸೇವೆಗೆ ಸೇರಿದ. ನೇಪಲ್ಸ್ ಆಳುತ್ತಿದ್ದ ಆಂಜು ಮನೆತನದ ವಿರುದ್ಧ ನಡೆಯುತ್ತಿದ್ದ ಯುದ್ಧದಲ್ಲಿ ಉಪ ನೌಕಾಧಿಪತಿಯಾದ. ಹಸಿವಿನಲ್ಲಿದ್ದ ಮೆಸ್ಸಿನಾ ಊರಿಗೆ ಶತ್ರು ಕಾವಲು ಭೇದಿಸಿ ಧಾನ್ಯ ತಲುಪಿಸಿದ. ಮನುಷ್ಯ ಎಂಥ ಧೈರ್ಯವಂತ ಅಂತ ಇಲ್ಲಿ ಗೊತ್ತಾಗುತ್ತದೆ.

ಆಗಸ್ಟ್ 31, 1302ರಂದು ಕಾಲ್ತಬೆಲ್ಲೊಟ್ಟಾ ಒಪ್ಪಂದವಾಗಿ ಯುದ್ಧ ನಿಂತಿತು. ಕೂಲಿ ಸೈನಿಕರಿಗೆ ಶಾಂತಿ ಅಂದರೆ ನಿರುದ್ಯೋಗ. ಸಂಬಳವಿಲ್ಲದ ಸಾವಿರಾರು ಸೈನಿಕರು ದ್ವೀಪದಲ್ಲಿ ಉಳಿದರೆ ಫ್ರೆಡರಿಕ್‌ಗೂ ಕಷ್ಟ. ರೊಜೆರ್‌ಗೋ ಟೆಂಪ್ಲರ್ ಸಂಘದ ಹಳೇ ಲೆಕ್ಕದ ಭಯ. ಎಲ್ಲರಿಗೂ ಪೂರ್ವದ ದಾರಿಯೇ ಸರಿ ಅನ್ನಿಸಿತು.

ಷರತ್ತುಗಳು ದೊಡ್ಡವು. ರೊಜೆರ್‌ಗೆ ‘ಮೆಗಾಸ್ ಡೂಕ್ಸ್’ ಅಂದರೆ ಮಹಾ ನೌಕಾಧಿಪತಿಯ ಪದವಿ. ಚಕ್ರವರ್ತಿಯ ಸಹೋದರಿಯ ಮಗಳು ಮರಿಯಾ ಜೊತೆ ಮದುವೆ. ಮುಂತಾನೆರ್ ಕೊಡುವ ದರದಂತೆ ಕವಚದ ಕುದುರೆ ಸವಾರನಿಗೆ ತಿಂಗಳಿಗೆ 4 ಔನ್ಸ್ ಬಂಗಾರ, ಹಗುರ ಸವಾರನಿಗೆ 2, ಕಾಲಾಳಿಗೆ 1. ನಾಲ್ಕು ತಿಂಗಳದ್ದು ಮುಂಗಡ. ಖಜಾನೆ ಖಾಲಿಯಾಗಿದ್ದ ರಾಜ್ಯ ಇದಕ್ಕೆ ಒಪ್ಪಿಕೊಂಡಿತು. ಮುಂದಿನ ಅನಾಹುತದ ಅರ್ಧ ಪಾಲು ಈ ಒಪ್ಪಂದದಲ್ಲೇ ಇತ್ತು ಎಂದು ನನಗನ್ನಿಸುತ್ತದೆ.

1303ರ ಸೆಪ್ಟೆಂಬರ್‌ನಲ್ಲಿ ಅವರು ಬಂದಿಳಿದರು. ಮುಂತಾನೆರ್ ಪ್ರಕಾರ 36 ಹಡಗು, 1,500 ಸವಾರರು, 4,000 ಆಲ್ಮೊಗವರ್ ಕಾಲಾಳುಗಳು, ಬೇರೆ 1,000 ಕಾಲಾಳುಗಳು. ಜೊತೆಗೆ ಹೆಂಡತಿ ಮಕ್ಕಳು. ಈ ಆಲ್ಮೊಗವರರು ಸ್ಪೇನಿನ ಗಡಿ ಬೆಟ್ಟಗಳಲ್ಲಿ ಮೂರರು ಎನ್ನುವ ಮುಸ್ಲಿಮರ ಸೈನ್ಯಗಳ ಎದುರು ಪಳಗಿದವರು. ಮೈಮೇಲೆ ಕವಚವಿಲ್ಲ, ಚರ್ಮದ ಉಡುಪು. ಕೈಯಲ್ಲಿ ಗಿಡ್ಡ ಈಟಿ, ಎಸೆಯುವ ಭರ್ಜಿ, ಸೊಂಟದಲ್ಲಿ ಅಗಲ ಕತ್ತಿ. ಬೆನ್ನಿಗೆ ಒಂದಷ್ಟು ರೊಟ್ಟಿ. ರಾತ್ರಿಯಿಡೀ ನಡೆದು ಬೆಳಗ್ಗೆ ಹೊಡೆದಾಡಬಲ್ಲವರು. ಬಂದ ಕೆಲವೇ ದಿನಗಳಲ್ಲಿ ಜಿನೋವಾದವರ ಜೊತೆ ರಾಜಧಾನಿಯ ಬೀದಿಯಲ್ಲೇ ರಕ್ತ ಹರಿಸಿದರು. ಇವರನ್ನು ಬೇಗ ಸಮುದ್ರ ದಾಟಿಸುವುದು ಚಕ್ರವರ್ತಿಗೂ ಬೇಕಾಗಿತ್ತು.

ಆರ್ಟಾಕಿಯ ಚಳಿಗಾಲ

ಮರ್ಮರಾ ಸಮುದ್ರದ ದಕ್ಷಿಣ ದಡದಲ್ಲಿ ಸಿಜಿಕಸ್ ಪರ್ಯಾಯದ್ವೀಪವಿದೆ. ಇಂದಿನ ಕಪಿದಾ. ಭೂಭಾಗಕ್ಕೆ ಅದನ್ನು ಜೋಡಿಸುವುದು ಒಂದು ಕಿರಿದಾದ ನೆಲದ ಪಟ್ಟಿ, ಅದಕ್ಕೆ ಅಡ್ಡವಾಗಿ ಗೋಡೆ. ಆ ಗೋಡೆಗೆ ತುರ್ಕರು ನುಗ್ಗುತ್ತಿದ್ದರು. ಒಳಗಿನ ಆರ್ಟಾಕಿಯಲ್ಲಿ ಸೈನ್ಯ ಇಳಿಯಿತು. ತುರ್ಕರ ಬೀಡು ಸ್ವಲ್ಪ ದೂರದಲ್ಲೇ ಇದೆ, ಸಂಸಾರ ಸಮೇತ ಇದ್ದಾರೆ ಅಂತ ಗೊತ್ತಾಯಿತು. ರೊಜೆರ್ ಬೆಳಕು ಹರಿಯುವ ಹೊತ್ತಿಗೆ ಅವರ ಮೇಲೆ ಬಿದ್ದ. ಬೀಡಿನವರಿಗೆ ಸುಳಿವೇ ಇರಲಿಲ್ಲ.

ಮುಂತಾನೆರ್ 3,000 ಸವಾರರು, 10,000 ಕಾಲಾಳುಗಳು ಸತ್ತರು ಎನ್ನುತ್ತಾನೆ. ಅವನ ಲೆಕ್ಕಗಳೆಲ್ಲ ಉಬ್ಬಿದವು. ಆದರೆ ಇನ್ನೊಂದು ಮಾತನ್ನು ಅವನು ಹೆಮ್ಮೆಯಿಂದಲೇ ಹೇಳುತ್ತಾನೆ: ಹತ್ತು ವರ್ಷ ಮೇಲ್ಪಟ್ಟ ಗಂಡಸರನ್ನು ಬಿಡಬಾರದು ಎಂದು ಅಪ್ಪಣೆಯಾಗಿತ್ತು. ಹೆಂಗಸರು, ಮಕ್ಕಳನ್ನು ಗುಲಾಮರಾಗಿ ಹಿಡಿದರು. ಕೆಲವರನ್ನು ಚಕ್ರವರ್ತಿಗೆ, ರಾಣಿಗೆ, ರೊಜೆರ್‌ನ ಹೆಂಡತಿಗೆ ಉಡುಗೊರೆಯಾಗಿ ಕಳಿಸಿದರು. ಇದನ್ನು ಬರೀ ‘ವಿಜಯ’ ಅಂತ ಬರೆದು ಮುಂದೆ ಹೋಗಲು ನನಗೆ ಮನಸ್ಸಾಗುವುದಿಲ್ಲ. ಅಲ್ಲಿ ಸತ್ತವರಲ್ಲಿ ಕುರಿ ಕಾಯುವ ಹುಡುಗರೂ ಇದ್ದಿರಲೇಬೇಕು.

ಆಗಲೇ ಚಳಿ ಹಿಡಿಯಿತು. ರೊಜೆರ್ ಚಳಿಗಾಲವನ್ನು ಆರ್ಟಾಕಿಯಲ್ಲೇ ಕಳೆಯಲು ತೀರ್ಮಾನಿಸಿದ. ಇಲ್ಲಿ ಸ್ವಲ್ಪ ನಿಲ್ಲಬೇಕು.

ಸೈನಿಕರನ್ನು ಊರಿನವರ ಮನೆಗಳಲ್ಲಿ ಇಳಿಸಿದರು. ಊರಿನ ಆರು ಮಂದಿ, ಸೈನ್ಯದ ಆರು ಮಂದಿ ಕೂತು ಬೆಲೆ ಗೊತ್ತು ಮಾಡಿದರು. ರೊಟ್ಟಿ, ವೈನ್, ಉಪ್ಪು ಹಾಕಿದ ಮಾಂಸ, ಗಿಣ್ಣು, ತರಕಾರಿ, ಕುದುರೆಗೆ ಓಟ್ಸ್, ಮಲಗಲು ಹಾಸಿಗೆ, ಎಲ್ಲವನ್ನೂ ಮನೆಯವನು ಕೊಡಬೇಕು. ಕೊಟ್ಟದ್ದನ್ನು ಬರೆದಿಡಬೇಕು. ಕೊನೆಗೆ ಸೈನಿಕನ ಸಂಬಳದಲ್ಲಿ ಮುರಿದುಕೊಳ್ಳಬೇಕು. ಕಾಗದದ ಮೇಲೆ ಇದಕ್ಕಿಂತ ಒಳ್ಳೇ ವ್ಯವಸ್ಥೆ ಇಲ್ಲ. ಚಳಿ ಮುಗಿದು ಲೆಕ್ಕ ಹಾಕಿದಾಗ ಎಷ್ಟೋ ಸೈನಿಕರು ತಮಗೆ ಬರಬೇಕಾದ ಸಂಬಳಕ್ಕಿಂತ ಎಷ್ಟೋ ಪಾಲು ಜಾಸ್ತಿ ತಿಂದು ಮುಗಿಸಿದ್ದರು. ಆಗ ರೊಜೆರ್ ಲೆಕ್ಕಗಳನ್ನೆಲ್ಲ ತರಿಸಿ ಬೆಂಕಿಗೆ ಹಾಕಿಸಿದ, ಮೇಲೆ ನಾಲ್ಕು ತಿಂಗಳ ಸಂಬಳವನ್ನೂ ಹೊಸದಾಗಿ ಕೊಟ್ಟ ಎನ್ನುತ್ತಾನೆ ಮುಂತಾನೆರ್. ಸೈನಿಕರು ಸಂತೋಷದಿಂದ ಅವನ ಕೈಗೆ ಮುತ್ತಿಟ್ಟರು.

ಇದನ್ನು ಮುಂತಾನೆರ್ ಔದಾರ್ಯ ಎಂದು ಕೊಂಡಾಡುತ್ತಾನೆ. ಸೈನಿಕನ ಕಡೆಯಿಂದ ನೋಡಿದರೆ ಹೌದು. ಚಳಿಗಾಲವಿಡೀ ತನ್ನ ಅಟ್ಟದ ಧಾನ್ಯ ಕೊಟ್ಟ ಮನೆಯವನ ಕಡೆಯಿಂದ ನೋಡಿ. ಪಾಕಿಮೆರೆಸ್ ಬರೆಯುವುದು ಈ ಮನೆಯವರ ಪರವಾಗಿ: ಲೂಟಿ, ಹೊಡೆತ, ಹೆಂಗಸರ ಮೇಲೆ ದೌರ್ಜನ್ಯ. ಸೈನ್ಯದ ಒಳಗೇ ಇದನ್ನು ಸಹಿಸದವರಿದ್ದರು. ಫೆರಾನ್ ಶಿಮೆನಿಸ್ ಎಂಬ ನಾಯಕ ತನ್ನ ಜನರನ್ನು ಕರೆದುಕೊಂಡು ಅಥೆನ್ಸ್ ಕಡೆ ಹೊರಟುಹೋದ.

ಇತ್ತ ಚಕ್ರವರ್ತಿ ಸಂಬಳಕ್ಕೆ ದುಡ್ಡು ಹೊಂದಿಸಲು ಹೊಸ ತೆರಿಗೆ ಹಾಕಿದ. ಒಂದು ಜೋಡಿ ಎತ್ತು ಉಳುವಷ್ಟು ಭೂಮಿಗೆ ಇಷ್ಟು ಅಳತೆ ಗೋಧಿ, ಇಷ್ಟು ಬಾರ್ಲಿ ಎಂದು ರೈತ ಕೊಡಬೇಕು. ಅಂದರೆ ಸೈನ್ಯವನ್ನು ಕಣ್ಣಿಂದ ನೋಡದ ರೈತನೂ ಅದಕ್ಕೆ ಊಟ ಹಾಕುತ್ತಿದ್ದ.

1304ರ ಏಪ್ರಿಲ್‌ನಲ್ಲಿ ಹೊರಡುವ ಹೊತ್ತಿಗೆ ಇನ್ನೊಂದು ಗಾಯವಾಯಿತು. ಚಕ್ರವರ್ತಿಯ ಸೇವೆಯಲ್ಲಿದ್ದ, ಕಾಕಸಸ್ ಕಡೆಯ ಮೂಲದ ಅಲಾನ್ ಸವಾರರು ಇವರ ಜೊತೆಗಿದ್ದರು. ತಮಗಿಂತ ಕೆಟಲಾನರಿಗೆ ಸಂಬಳ ಜಾಸ್ತಿ ಅನ್ನುವ ಉರಿ ಮೊದಲೇ ಇತ್ತು. ಜಗಳ ಹೊತ್ತಿಕೊಂಡು ಸುಮಾರು 300 ಅಲಾನರು ಸತ್ತರು. ಅದರಲ್ಲಿ ಅವರ ನಾಯಕ ಗಿರ್ಗೊನ್‌ನ ಮಗನೂ ಒಬ್ಬ. ಬಹಳಷ್ಟು ಅಲಾನರು ಸೈನ್ಯ ಬಿಟ್ಟು ಹೋದರು. ಗಿರ್ಗೊನ್ ಆ ಸಾವನ್ನು ಮರೆಯಲಿಲ್ಲ.

ಫಿಲಡೆಲ್ಫಿಯಾದಿಂದ ತಿರೆಯವರೆಗೆ

ಫಿಲಡೆಲ್ಫಿಯಾ ಇಂದಿನ ಟರ್ಕಿಯ ಅಲಾಶೆಹಿರ್. ಆರ್ಟಾಕಿಯಿಂದ 200 ಕಿಲೋಮೀಟರಿಗೂ ಜಾಸ್ತಿ ದಕ್ಷಿಣಕ್ಕಿದೆ. ಜರ್ಮಿಯಾನ್ ಪಡೆ ಅದನ್ನು ಮುತ್ತಿತ್ತು. ಒಳಗೆ ಹಸಿವು. ಊರಿನ ಧೈರ್ಯ ಕಾದವರು ಅಲ್ಲಿನ ಧರ್ಮಾಧ್ಯಕ್ಷ ಥಿಯೋಲೆಪ್ಟೋಸ್. ಊರಿನ ಹೊರಗೆ ಆವುಲಾಕ್ಸ್ ಎಂಬಲ್ಲಿ ಕಾಳಗವಾಯಿತು. ಬೆಳಗ್ಗೆ ಶುರುವಾಗಿ ಮಧ್ಯಾಹ್ನದವರೆಗೂ ನಡೆಯಿತು. ತುರ್ಕರ ನಾಯಕ ಗಾಯಗೊಂಡು ಹಿಂದೆ ಸರಿದ, ಮುತ್ತಿಗೆ ಮುರಿಯಿತು.

ಕುದುರೆ ಮೇಲಿಂದ ಬಾಣ ಬಿಡುತ್ತ, ಓಡಿದಂತೆ ಮಾಡಿ ತಿರುಗಿ ಹೊಡೆಯುವುದು ತುರ್ಕರ ಪದ್ಧತಿ. ಭಾರದ ಕವಚದ ನೈಟ್‌ಗಳನ್ನು ಅವರು 200 ವರ್ಷಗಳಿಂದ ಹೀಗೇ ದಣಿಸಿದ್ದರು. ಆಲ್ಮೊಗವರರ ಎದುರು ಇದು ಯಾಕೆ ನಡೆಯಲಿಲ್ಲ? ಒಂದು ಕಾರಣ, ಇವರು ಹಗುರ. ಬೇಗ ಹತ್ತಿರ ನುಗ್ಗುತ್ತಿದ್ದರು, ಭರ್ಜಿ ಎಸೆದು ಮೊದಲು ಕುದುರೆಯನ್ನು ಬೀಳಿಸುತ್ತಿದ್ದರು. ಕುದುರೆ ಬಿದ್ದ ಸವಾರನ ಹತ್ತಿರ ಕತ್ತಿಯ ಕೆಲಸ ಸುಲಭ. ಇನ್ನೊಂದು ಕಾರಣ ನನ್ನ ಊಹೆ: ತುರ್ಕರ ಸಂಸಾರ, ಕುರಿಮಂದೆ ಪಕ್ಕದಲ್ಲೇ ಇರುತ್ತಿದ್ದವು. ಅವನ್ನು ಬಿಟ್ಟು ಚದುರಿ ಹೋಗಲು ಆಗುತ್ತಿರಲಿಲ್ಲ. ನಿಂತು ಹೊಡೆದಾಡಬೇಕಾಗುತ್ತಿತ್ತು, ನಿಂತು ಹೊಡೆದಾಡುವುದು ಆಲ್ಮೊಗವರರ ಆಟ.

ಮುತ್ತಿಗೆ ಮುರಿದ ಮೇಲೆ ರೊಜೆರ್ ಏನು ಮಾಡಿದ ಎಂಬುದು ಕಾಳಗಕ್ಕಿಂತ ಮುಖ್ಯ. ಅವನು ಕಾವಲು ದಂಡು ನಿಲ್ಲಿಸಲಿಲ್ಲ, ಕೋಟೆಗಳ ಸರಪಳಿ ಕಟ್ಟಲಿಲ್ಲ. ಬಿಡಿಸಿದ ಊರಿನಿಂದಲೇ ದುಡ್ಡು ವಸೂಲಿ ಮಾಡಿದ. ಫಿಲಡೆಲ್ಫಿಯಾ ಕೊಟ್ಟಿತು, ಎಫೆಸಸ್ ಕೊಟ್ಟಿತು. ತುರ್ಕರಿಗೆ ಬಗ್ಗಿದರು ಎಂಬ ಆರೋಪದ ಮೇಲೆ ಗ್ರೀಕ್ ಅಧಿಕಾರಿಗಳನ್ನು ಶಿಕ್ಷಿಸಿದ. ರಾಜಧಾನಿಯಿಂದ ಸಂಬಳ ಸರಿಯಾಗಿ ಬರುತ್ತಿರಲಿಲ್ಲ, ಸೈನಿಕರು ಕಾಯುವವರಲ್ಲ, ಅವನಿಗೂ ಬೇರೆ ದಾರಿ ಕಡಿಮೆ ಇತ್ತು. ಅದನ್ನು ಒಪ್ಪುತ್ತೇನೆ. ಆದರೆ ಕೆರೆಯ ಪಾಚಿಯನ್ನು ಕೈಯಿಂದ ಸರಿಸಿದಂತೆ ಆಯಿತು. ಸೈನ್ಯ ಮುಂದೆ ಹೋದ ಕೂಡಲೇ ಹಿಂದೆ ಮತ್ತೆ ಮುಚ್ಚಿಕೊಳ್ಳುತ್ತಿತ್ತು.

ತಿರೆ ಊರಿನ ಹತ್ತಿರ ಒಂದು ಚಕಮಕಿ. ಸೈನ್ಯದ ಹಿರಿಯ ನಾಯಕ ಕೊರ್ಬೆರಾನ್ ದಲೆಟ್ ತುರ್ಕರನ್ನು ಬೆಟ್ಟದವರೆಗೆ ಅಟ್ಟಿಕೊಂಡು ಹೋದ. ಅವರು ಕುದುರೆ ಬಿಟ್ಟು ಕಾಲ್ನಡಿಗೆಯಲ್ಲಿ ಮೇಲೆ ಹತ್ತಿದರು. ಅವನೂ ಹತ್ತಿದ. ಸೆಕೆ, ಧೂಳು. ತಡೆಯಲಾರದೆ ಶಿರಸ್ತ್ರಾಣ ತೆಗೆದ. ಆಗಲೇ ಬಾಣ ತಲೆಗೆ ಬಿತ್ತು. ರೊಜೆರ್‌ನ ಮಗಳ ಜೊತೆ ಅವನ ಮದುವೆ ನಿಶ್ಚಯವಾಗಿತ್ತು. ಅಲ್ಲೇ ಸಂತ ಜಾರ್ಜ್ ಹೆಸರಿನ ಚರ್ಚಿನಲ್ಲಿ ಮಣ್ಣು ಮಾಡಿದರು. ಅವನ ಜಾಗಕ್ಕೆ ಬಂದವನು ಬೆರ್ನಾತ್ ದೆ ರೊಕಾಫೊರ್ತ್, 200 ಸವಾರರು, 1,000 ಆಲ್ಮೊಗವರರ ಜೊತೆ ಆಗಷ್ಟೇ ಸಿಸಿಲಿಯಿಂದ ಬಂದಿದ್ದ. ಮದುವೆಯ ನಿಶ್ಚಯವೂ ಅವನಿಗೇ ದಾಟಿತು.

ಆಗಸ್ಟ್ 15ರಂದು, ಮರಿಯಮ್ಮನ ಹಬ್ಬದ ದಿನ, ಟಾರಸ್ ಬೆಟ್ಟಗಳ ‘ಕಬ್ಬಿಣದ ಬಾಗಿಲು’ ಎಂಬಲ್ಲಿ ಇನ್ನೂ ದೊಡ್ಡ ಗೆಲುವು ಸಿಕ್ಕಿತು ಎನ್ನುತ್ತಾನೆ ಮುಂತಾನೆರ್. ಅಷ್ಟು ದೂರ ಹೋಗಿದ್ದೇ ಅನುಮಾನ ಎನ್ನುವ ಇತಿಹಾಸಕಾರರಿದ್ದಾರೆ. ನಾನು ಈ ಪ್ರಶ್ನೆಯ ಮೇಲೆ ಜಾಸ್ತಿ ಹೊತ್ತು ಕಳೆಯುವುದಿಲ್ಲ. ಹೋಗಿದ್ದರೂ ಅಲ್ಲಿ ಏನೂ ಉಳಿಯಲಿಲ್ಲ.

ಮ್ಯಾಗ್ನೇಷಿಯಾ ಬಾಗಿಲು ಹಾಕಿತು

ನನ್ನ ಮಟ್ಟಿಗೆ ಈ ಪ್ರಕರಣ ತಿರುಗಿದ್ದು ಇಲ್ಲಿ. ರೊಜೆರ್ ತನ್ನ ಬಂಗಾರ, ಸಾಮಾನು, ಕುದುರೆಗಳನ್ನು ಮ್ಯಾಗ್ನೇಷಿಯಾದಲ್ಲಿ ಇಟ್ಟಿದ್ದ. ಇಂದಿನ ಮನಿಸಾ. ಕಾಯಲು ಒಂದಿಷ್ಟು ಜನರನ್ನೂ ಬಿಟ್ಟಿದ್ದ. ಅವನು ಹೊರಗಿದ್ದಾಗ ಅತ್ತಲಿಯೋತಿಸ್ ಎಂಬ ನಾಯಕನ ಮುಂದಾಳತ್ವದಲ್ಲಿ ಊರು ದಂಗೆ ಎದ್ದಿತು. ಕಾವಲಿನವರನ್ನು ಕೊಂದು, ಸಂಪತ್ತು ಹಿಡಿದು, ಬಾಗಿಲು ಹಾಕಿಕೊಂಡಿತು.

ಗ್ರೀಕ್ ಕ್ರೈಸ್ತರು, ತುರ್ಕರ ದಾಳಿಯ ಭಯದಲ್ಲೇ ದಿನ ನೂಕುತ್ತಿದ್ದವರು, ತಮ್ಮನ್ನು ಕಾಯಲು ಬಂದ ಕ್ರೈಸ್ತ ಸೈನ್ಯಕ್ಕೆ ಬಾಗಿಲು ಹಾಕಿದರು. ಆರ್ಟಾಕಿಯ ಚಳಿಗಾಲದ ಸುದ್ದಿ ಇವರಿಗೆ ಮುಟ್ಟಿರಲಿಲ್ಲ ಎಂದು ನಂಬುವುದು ಕಷ್ಟ. ತುರ್ಕರು ಕುದುರೆ ಮೇಲೆ ಬಂದು ಹೋಗುತ್ತಾರೆ, ಇವರು ಮನೆಯೊಳಗೇ ಇರುತ್ತಾರೆ ಎಂದು ಅವರು ಯೋಚಿಸಿದ್ದರೆ ಅದರಲ್ಲಿ ತಪ್ಪೇನಿದೆ, ಅಲ್ವಾ?

ರೊಜೆರ್ ತುರ್ಕರನ್ನು ಬಿಟ್ಟು ಮ್ಯಾಗ್ನೇಷಿಯಾಕ್ಕೆ ಮುತ್ತಿಗೆ ಹಾಕಿದ. ವಾರಗಳು ಹೋದವು. ಊರು ಬಗ್ಗಲಿಲ್ಲ. ಬಯಲಿನಲ್ಲಿ ಯಾರೂ ಎದುರು ನಿಲ್ಲಲಾಗದ ಸೈನ್ಯಕ್ಕೆ ಒಂದು ಗೋಡೆ ಮುರಿಯಲಾಗಲಿಲ್ಲ. ಅಷ್ಟರಲ್ಲಿ ಬಲ್ಗೇರಿಯಾದ ಗಡಿಯಲ್ಲಿ ಕಷ್ಟ, ತಕ್ಷಣ ಬಾ ಎಂದು ಆಂಡ್ರೊನಿಕೋಸ್ ಕರೆ ಕಳಿಸಿದ. ರೊಜೆರ್ ಮುತ್ತಿಗೆ ಬಿಟ್ಟು ಸಮುದ್ರ ದಾಟಿ ಯುರೋಪಿನ ದಡದ ಗಲ್ಲಿಪೊಲಿಗೆ ಬಂದ. ತುರ್ಕರ ಎದುರಿನ ದಂಡಯಾತ್ರೆ ಅಲ್ಲಿಗೆ ಮುಗಿಯಿತು. ಅವನು ಹೊರಟ ಹೊತ್ತಿಗೆ ಸಾಸಾ ಬೇ ಎಫೆಸಸ್ ಬಾಗಿಲಿಗೆ ಬಂದಿದ್ದ. ತಿರೆಯೂ ಹೋಯಿತು.

ಸಂಬಳದ ನಾಣ್ಯ ಮತ್ತು ಆಡ್ರಿಯನೋಪಲ್

ಗಲ್ಲಿಪೊಲಿಯ ಚಳಿಗಾಲ ಪೂರ್ತಿ ಸಂಬಳದ ಚೌಕಾಸಿಯಲ್ಲೇ ಹೋಯಿತು. ಬೆರೆಂಗೆರ್ ದೆಂತೆನ್ಸಾ ಇನ್ನೂ 300 ಸವಾರರು, 1,000 ಆಲ್ಮೊಗವರರ ಜೊತೆ ಬಂದಿಳಿದ. ಸಂಬಳದ ಪಟ್ಟಿ ಇನ್ನೂ ಉದ್ದವಾಯಿತು. ಚಕ್ರವರ್ತಿ ಕೊಟ್ಟದ್ದು ಕಲಬೆರಕೆ ನಾಣ್ಯ. 8 ದಿನಾರು ಎಂದು ಕೊಟ್ಟ ನಾಣ್ಯ 3 ದಿನಾರೂ ಬಾಳುತ್ತಿರಲಿಲ್ಲ ಎಂದು ಮುಂತಾನೆರ್ ಸಿಟ್ಟಾಗುತ್ತಾನೆ. ಸೈನಿಕರು ಆ ನಾಣ್ಯವನ್ನು ಅಂಗಡಿಯವನಿಗೆ ಮುಖಬೆಲೆಗೇ ಕೊಡಲು ಹೋದರು, ಅವನು ತೆಗೆದುಕೊಳ್ಳಲಿಲ್ಲ, ಹೊಡೆದಾಟ. ಇಲ್ಲೂ ನಷ್ಟ ಬಿದ್ದದ್ದು ಊರಿನವನ ತಲೆ ಮೇಲೆ.

1305ರ ಏಪ್ರಿಲ್‌ನಲ್ಲಿ ರೊಜೆರ್‌ಗೆ ‘ಸೀಸರ್’ ಪದವಿ ಸಿಕ್ಕಿತು. ಸಾಮ್ರಾಜ್ಯದ ಅತಿ ದೊಡ್ಡ ಪದವಿಗಳಲ್ಲಿ ಒಂದು ಅದು. ಅನಟೋಲಿಯಾವನ್ನು ಅವನಿಗೇ ಬಿಟ್ಟುಕೊಡುವ ಮಾತೂ ಆಯಿತು. ಗೆದ್ದು ಆಳಿಕೋ, ನಮ್ಮನ್ನು ಸಂಬಳ ಕೇಳಬೇಡ ಎಂದಂತೆ. ಹೊರಡುವ ಮುಂಚೆ ಅವನು ಆಡ್ರಿಯನೋಪಲ್‌ನಲ್ಲಿದ್ದ (ಇಂದಿನ ಎಡಿರ್ನೆ) ಸಹಚಕ್ರವರ್ತಿ ಮೈಕೇಲ್‌ನನ್ನು ಕಂಡು ಬರಲು ತೀರ್ಮಾನಿಸಿದ. ಮೈಕೇಲ್‌ಗೆ ಅವನನ್ನು ಕಂಡರಾಗದು ಎಂಬುದು ಎಲ್ಲರಿಗೂ ಗೊತ್ತಿದ್ದ ವಿಷಯ. ಹೆಂಡತಿ ಗರ್ಭಿಣಿ. ಅವಳೂ ಅತ್ತೆಯೂ ಹೋಗಬೇಡ ಎಂದು ಕಾಡಿ ಬೇಡಿದರು. ಅವನು ಕೇಳಲಿಲ್ಲ.

ಏಪ್ರಿಲ್ 30ರಂದು ಅರಮನೆಯಲ್ಲೇ ಅವನ ಕೊಲೆಯಾಯಿತು. ಕೊಂದವರು ಅಲಾನರು, ಮುಂದೆ ನಿಂತವನು ಆರ್ಟಾಕಿಯಲ್ಲಿ ಮಗನನ್ನು ಕಳೆದುಕೊಂಡ ಗಿರ್ಗೊನ್. ಜೊತೆಗೆ ಬಂದ ಸವಾರರನ್ನೂ ಊರಿನಲ್ಲಿ ಹುಡುಕಿ ಕೊಂದರು.

ಆಮೇಲೆ

ಗಲ್ಲಿಪೊಲಿಯಲ್ಲಿ ಉಳಿದವರು ಸೇಡಿಗೆ ನಿಂತರು. ಜುಲೈನಲ್ಲಿ ಆಪ್ರೋಸ್‌ನಲ್ಲಿ ಮೈಕೇಲ್‌ನ ಸೈನ್ಯವನ್ನು ಮುರಿದರು. ಎರಡು ವರ್ಷ ಕಾನ್‌ಸ್ಟಾಂಟಿನೋಪಲ್‌ನ ಪಶ್ಚಿಮಕ್ಕಿರುವ ಥ್ರೇಸ್ ಪ್ರಾಂತ್ಯವನ್ನು ಸುಟ್ಟು ಸೂರೆ ಮಾಡಿದರು. 1311ರಲ್ಲಿ ಅಥೆನ್ಸ್‌ನ ಫ್ರೆಂಚ್ ಡ್ಯೂಕ್‌ನನ್ನು ಕೊಂದು ಆ ಸಂಸ್ಥಾನವನ್ನೇ ಹಿಡಿದರು, 1388ರವರೆಗೆ ಅದು ಕೆಟಲಾನರ ಕೈಯಲ್ಲಿತ್ತು.

ಥ್ರೇಸ್‌ನಲ್ಲಿ ಅವರ ಜೊತೆ ಸೇರಿದವರು ಯಾರು ಗೊತ್ತೇ? ತುರ್ಕರು. ಹಲೀಲ್ ಎಂಬ ನಾಯಕ ತನ್ನ ಸವಾರರು, ಕಾಲಾಳುಗಳು, ಸಂಸಾರಗಳ ಸಮೇತ ಸಮುದ್ರ ದಾಟಿ ಬಂದು ಇವರ ಪಕ್ಕದಲ್ಲಿ ಹೋರಾಡಿದ. ಮುಂತಾನೆರ್ ಅವರ ನಿಯತ್ತನ್ನು ಮೆಚ್ಚಿ ಬರೆಯುತ್ತಾನೆ. ಯಾರನ್ನು ತಡೆಯಲು ಈ ಸೈನ್ಯವನ್ನು ಕರೆಸಿದ್ದರೋ ಅವರನ್ನೇ ಅದು ಯುರೋಪಿನ ನೆಲಕ್ಕೆ ಕರೆದುಕೊಂಡು ಬಂತು. ಸ್ವಲ್ಪ ಕಾಲದ ನಂತರ ಹಲೀಲ್‌ನ ಜನರನ್ನು ಗಲ್ಲಿಪೊಲಿ ಭಾಗದಲ್ಲಿ ಬೈಜಾಂಟಿನ್ ಪಡೆ ಮುಗಿಸಿತು. ಆದರೆ ಅಷ್ಟರಲ್ಲಿ ಥ್ರೇಸ್‌ನ ಹಳ್ಳಿಗಳು ಖಾಲಿಯಾಗಿದ್ದವು.

ಅನಟೋಲಿಯಾದಲ್ಲಿ ಕಣಿವೆಗಳು ಒಂದೊಂದಾಗಿ ಹೋದವು. ಐದಿನ್ ಮನೆತನ ಸಾಸಾನನ್ನು ತಳ್ಳಿ ಎಫೆಸಸ್ ಭಾಗವನ್ನು ಹಿಡಿಯಿತು. ರೊಜೆರ್‌ಗೆ ಬಾಗಿಲು ಹಾಕಿದ ಮ್ಯಾಗ್ನೇಷಿಯಾ 1313ರಲ್ಲಿ ಸರುಹಾನ್‌ಗೆ ಬಗ್ಗಿತು. ರೊಜೆರ್ ಕಡೆಗೂ ಎದುರಿಸದ ಉಸ್ಮಾನ್‌ನ ಮನೆತನ 1326ರಲ್ಲಿ ಪ್ರುಸಾ (ಇಂದಿನ ಬುರ್ಸಾ) ಪಟ್ಟಣವನ್ನು ತೆಗೆದುಕೊಂಡಿತು.

ಉಳಿದದ್ದು ಫಿಲಡೆಲ್ಫಿಯಾ ಒಂದೇ. ಸುತ್ತ ಎಲ್ಲ ಕಡೆ ತುರ್ಕರ ಬೀಡುಗಳು, ನಡುವೆ ಈ ಒಂದು ಗ್ರೀಕ್ ಊರು. ಥಿಯೋಲೆಪ್ಟೋಸ್ ಸಾಯುವವರೆಗೂ, ಅಂದರೆ 1322ರವರೆಗೂ, ಅಲ್ಲೇ ಇದ್ದರು. 1310ರಲ್ಲಿ ಮತ್ತೊಮ್ಮೆ ಮುತ್ತಿಗೆ ಬಂದಾಗಲೂ ಊರನ್ನು ಹಿಡಿದು ನಿಲ್ಲಿಸಿದರು. ಆಮೇಲೆ ಊರಿನವರು ಕೆಲವು ಸಲ ಹೊಡೆದಾಡಿದರು, ಕೆಲವು ಸಲ ಕಪ್ಪ ಕೊಟ್ಟರು, ನೆರೆಯ ಅಮೀರರ ಜೊತೆ ಮಾತುಕತೆ ನಡೆಸಿ ಬದುಕಿದರು. 1390ರಲ್ಲಿ ಉಸ್ಮಾನ್‌ನ ವಂಶದ ಒಟ್ಟೊಮನ್ ಸುಲ್ತಾನ ಬಯಜೀದ್ ಬಂದು ಅದನ್ನು ತೆಗೆದುಕೊಳ್ಳುವವರೆಗೆ, ರೊಜೆರ್ ಹೋಗಿ 80 ವರ್ಷ ದಾಟಿದ ಮೇಲೂ, ಆ ಊರು ತನ್ನ ಗೋಡೆಗಳೊಳಗೆ ಸ್ವತಂತ್ರವಾಗಿತ್ತು.